ಬರಲಿರುವ ಆಟ

ಕುಮಟೆ, ಹೊನ್ನಾವರ, ಭಟ್ಕಳಗಳೆಂಬ ನಮ್ಮ ಕರಾವಳಿಯ ಮೂರು ತಾಲೂಕುಗಳಲ್ಲಿ ‘ಆಟ’ ಎಂಬ ಶಬ್ದಕ್ಕೆ ಇರುವ ಗೌರವವು ಘಟ್ಟದ ಮೇಲಿನ ವಾಚಕರಿಗೆ ಒಮ್ಮೆಗೇ ತಿಳಿಯಲಾರದು. ಅನ್ಯತ್ರ ಆಟವೆಂದರೆ ಮಕ್ಕಳ ಕಾಲಹರಣ. ನಮ್ಮಲ್ಲಿಯಾದರೋ ‘ಇಂದು ರಾತ್ರಿ ಆಟವಿದೆ’ ಎಂದರೆ ಯಕ್ಷಗಾನವಿದೆ ಎಂದೇ ಅರ್ಥ. ಮನೆಯ ಯಜಮಾನನೂ, ಅಡಕೆ ಸುಲಿಯುವ ಆಳೂ, ಕೈಗೂಸನ್ನು ಎತ್ತಿಕೊಂಡ ತಾಯಿಯೂ ಸಮಾನವಾಗಿ ಆಟಕ್ಕೆ ಹೋಗತಕ್ಕವರು. ಈಚೆಗೆ ಕೆಲವು ವರ್ಷಗಳಿಂದ ಈ ಶಬ್ದಕ್ಕೆ ನಮ್ಮ ಮನೆಗಳಲ್ಲಿ ಇನ್ನೊಂದು ಅರ್ಥವು ಸೇರಿಕೊಂಡಿದೆ. ಮನೆಯ ಕಿರಿಯನು ಕಣ್ಣರಳಿಸಿ ‘ಹೊಸ ಆಟ ಬರಲಿದೆ’ ಎಂದರೆ, ಅವನು ಹೇಳುವುದು ಪರದೆಯ ಮೇಲೆ ಆಡುವ ವಿಡಿಯೋ ಆಟವನ್ನು. ಅದರಲ್ಲಿಯೂ ಜಪಾನಿನಿಂದ ಬರುವ, ಕಥೆಯುಳ್ಳ ಆಟವನ್ನು. ಹಿರಿಯರಾದ ನಮ್ಮಲ್ಲಿ ಅನೇಕರು ಇದನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವುದುಂಟು. ಹುಬ್ಬು ಗಂಟಿಕ್ಕುವ ಮೊದಲು ಆ ಬಾಲಕನ ಉತ್ಕಂಠೆಯನ್ನು ತುಸು ಪರೀಕ್ಷಿಸಿ ನೋಡುವುದು ಗೃಹಸ್ಥರಿಗೆ ಉಚಿತವೆಂದು ನಮಗೆ ತೋರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾವು ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ಈಗ ನಿವೃತ್ತರಾಗಿ ಹೊನ್ನಾವರದ ಸಮೀಪದ ಮನೆಯಲ್ಲಿರುವವರು. ಮನೆ ಅವಿಭಕ್ತವಾದುದು. ನಮ್ಮ ಅಣ್ಣನವರ ಮೊಮ್ಮಗನೊಬ್ಬನಿದ್ದಾನೆ. ಅವನಿಗೆ ಪ್ಲೇಸ್ಟೇಷನ್ ಎಂಬ ಆಟದ ಪೆಟ್ಟಿಗೆಯೊಂದು ದೊರೆತದ್ದು ಭಟ್ಕಳದ ಮೂಲಕ. ಭಟ್ಕಳದ ಎಷ್ಟೋ ಮನೆತನಗಳವರು ದುಬೈ ಮೊದಲಾದ ಕಡೆಗಳಲ್ಲಿ ಉದ್ಯೋಗದಲ್ಲಿರುವುದು ಎಲ್ಲರೂ ಬಲ್ಲ ಸಂಗತಿ. ಅಂತಹ ಮಿತ್ರರೊಬ್ಬರು ಊರಿಗೆ ಬರುವಾಗ ಅದನ್ನು ತಂದುಕೊಟ್ಟರು. 2024ರಲ್ಲಿ ಹುಡುಗನು ಹತ್ತನೆಯ ತರಗತಿಯಲ್ಲಿದ್ದನು. ಪರೀಕ್ಷೆಯು ಮಾರ್ಚ್ 25ರಂದು ಆರಂಭವಾಗತಕ್ಕದ್ದು. ಅವನು ಎರಡು ವರ್ಷಗಳಿಂದ ಹಗಲಿರುಳು ಕಾಯುತ್ತಿದ್ದ ‘ಫೈನಲ್ ಫ್ಯಾಂಟಸಿ ಸೆವೆನ್ ರೀಬರ್ತ್’ ಎಂಬ ಆಟವು ಲೋಕಕ್ಕೆ ಬಿಡುಗಡೆಯಾಗತಕ್ಕದ್ದು ಫೆಬ್ರವರಿ 29ರಂದು. ನಡುವೆ ಇಪ್ಪತ್ತೈದು ದಿನ! ಅವನ ತಂದೆಯು ಪೆಟ್ಟಿಗೆಯನ್ನೇ ಮಾರಿಬಿಡುವೆನೆಂದನು. ತಾಯಿಯು ಅಳುದನಿಯಲ್ಲಿ ಮಗನ ಪರವಾಗಿ ಒಂದು ಮಾತು, ಗಂಡನ ಪರವಾಗಿ ಒಂದು ಮಾತು ಆಡುತ್ತಿದ್ದಳು. ಹುಡುಗನು ಮಾತನ್ನೇ ಬಿಟ್ಟನು. ಪ್ರಿಯ ವಾಚಕರೆ, ಮನೆಯಲ್ಲಿ ಹದಿನೈದು ವರ್ಷದ ಹುಡುಗನು ಊಟಕ್ಕೆ ಕುಳಿತು ಮಾತಾಡದೆ ಎದ್ದು ಹೋಗುವುದು ಸಣ್ಣ ವಿಷಯವೆಂದು ನಾವು ಎಣಿಸುವುದಿಲ್ಲ. ಮೂವತ್ತೈದು ವರ್ಷ ಹುಡುಗರ ನಡುವೆ ಇದ್ದವರಿಗೆ ಆ ಮೌನದ ಭಾರವು ಗೊತ್ತು.

ಈ ಆಟಗಳು ಎಂತಹವು ಎಂಬುದನ್ನು ಮೊದಲು ಹೇಳಬೇಕು. ಇವುಗಳಲ್ಲಿ ಎರಡು ಜಾತಿ ಮುಖ್ಯ. ಒಂದು ಪಾತ್ರ ವಹಿಸಿ ಆಡುವ ಕಥೆಯ ಆಟ. ಇನ್ನೊಂದು ಕೈಚಳಕವೇ ಪ್ರಧಾನವಾದ ಕಾಳಗದ ಆಟ. ಮೊದಲನೆಯದರಲ್ಲಿ ಆಡುವವನು ಒಬ್ಬ ನಾಯಕನ ಪಾತ್ರವನ್ನು ಕೈಗೊಂಡು, ಸಂಗಾತಿಗಳನ್ನು ಕೂಡಿಸಿಕೊಂಡು, ಊರೂರು ಸುತ್ತಿ, ಜನರನ್ನು ಮಾತನಾಡಿಸಿ, ರಾಕ್ಷಸರನ್ನು ಗೆದ್ದು, ಬಹು ದೀರ್ಘವಾದ ಕಥೆಯೊಂದನ್ನು ಕೊನೆ ಮುಟ್ಟಿಸಬೇಕು. ಜಪಾನಿನಲ್ಲಿ ಈ ಜಾತಿಯನ್ನು ಮನೆಮಾತು ಮಾಡಿದ್ದು 1986ರ ಮೇ 27ರಂದು ಬಂದ ‘ಡ್ರ್ಯಾಗನ್ ಕ್ವೆಸ್ಟ್’. ಅದಕ್ಕೆ ಕಥೆಯನ್ನು ಹೆಣೆದವರು ಯೂಜಿ ಹೋರಿ. ವೇಷಗಳನ್ನು ಬರೆದವರು ಚಿತ್ರಕಾರ ಅಕಿರಾ ತೋರಿಯಾಮಾ. ಸಂಗೀತವನ್ನು ಕೂಡಿಸಿದವರು ಕೋಯಿಚಿ ಸುಗಿಯಾಮಾ. ಪ್ರಸಂಗಕರ್ತ, ವೇಷ, ಭಾಗವತ ಎಂಬ ಮೂರಿಲ್ಲದೆ ಆಟವಿಲ್ಲವೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರ ಮರುವರ್ಷ, 1987ರಲ್ಲಿ, ಮೊದಲನೆಯ ‘ಫೈನಲ್ ಫ್ಯಾಂಟಸಿ’ ಬಂದಿತು. ಆಗ ಒಂದಕ್ಕೊಂದು ಪ್ರತಿಸ್ಪರ್ಧಿಗಳಾಗಿದ್ದ ಆ ಎರಡು ಸಂಸ್ಥೆಗಳು 2003ರಲ್ಲಿ ಒಂದಾದವು. ಎರಡು ಮೇಳಗಳು ಕೂಡಿ ಒಂದೇ ಚೌಕಿಯಲ್ಲಿ ಬಣ್ಣ ಹಚ್ಚಿದಂತೆ ಎನ್ನೋಣ.

ಅಭಿಮಾನಿಗಳ ಉತ್ಕಂಠೆಯು ಎಷ್ಟರಮಟ್ಟಿಗೆ ಏರಬಲ್ಲದೆಂಬುದಕ್ಕೆ 1988ರ ಫೆಬ್ರವರಿ 10ನೆಯ ತಾರೀಖು ಸಾಕ್ಷಿ. ಅಂದು ಬುಧವಾರ. ಮೂರನೆಯ ಡ್ರ್ಯಾಗನ್ ಕ್ವೆಸ್ಟ್ ಅಂಗಡಿಗೆ ಬಂದ ದಿನ. ತೋಕಿಯೋ ನಗರದ ಅಂಗಡಿಗಳ ಮುಂದೆ ಜನರು ರಾತ್ರಿಯಿಂದಲೇ ಸಾಲುಗಟ್ಟಿದರು. ಶಾಲೆ ತಪ್ಪಿಸಿ ಬಂದ ನೂರಾರು ಹುಡುಗರನ್ನು ಪೊಲೀಸರು ಹಿಡಿದು ವಿಚಾರಿಸಿದರು. ಇದರ ಮೇಲೆ ಜಪಾನ್ ಸರಕಾರವು, ಇಂತಹ ಆಟಗಳನ್ನು ರಜೆಯ ದಿನವೇ ಮಾರತಕ್ಕದ್ದೆಂದು ಕಾಯಿದೆ ಮಾಡಿತೆಂಬ ಕಥೆಯೊಂದು ಹರಡಿದೆ. ಅದು ಬರೀ ಕಥೆ. ತಯಾರಕರೇ ವಿವೇಕದಿಂದ ರಜೆಯ ದಿನಗಳನ್ನು ಆರಿಸಿಕೊಂಡರು. ನಾಲ್ಕನೆಯದು 1990ರ ಫೆಬ್ರವರಿ 11ರಂದು, ಭಾನುವಾರ, ಬಂದಿತು. ಇದನ್ನು ಓದಿದಾಗ ನಮಗೆ ನಗು ಬಂದಿತು. ಏಕೆಂದರೆ ಊರಲ್ಲಿ ಆಟವಾದ ಮರುದಿನ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸದ ಹುಡುಗನನ್ನು ನಾವು ಕಂಡದ್ದು ಬಹು ವಿರಳ. ಶಬ್ದರೂಪವನ್ನು ಹೇಳೆಂದರೆ ಎದ್ದುನಿಂತು ಭಾಗವತರ ಪದದ ಧಾಟಿಯಲ್ಲಿ ಹೇಳಿದವರೂ ಉಂಟು.

ಇನ್ನು ನಮ್ಮ ಪ್ರಾಯದ ಮಾತು. ಆಗ ಮೇಳವು ಕಾರ್ತಿಕದಲ್ಲಿ ಹೊರಟು, ಮಳೆ ಹಿಡಿಯುವವರೆಗೆ ತಿರುಗಾಟ ಮಾಡುತ್ತಿದ್ದಿತು. ಮಳೆಗಾಲದ ನಾಲ್ಕು ತಿಂಗಳು ಆಟವಿಲ್ಲ. ಕಾಳಿದಾಸನ ಮೇಘದೂತದಲ್ಲಿ ಶಾಪಗ್ರಸ್ತನಾದ ಯಕ್ಷನು, ವಿಷ್ಣುವು ಶೇಷಶಯ್ಯೆಯಿಂದ ಏಳುವವರೆಗೆ ಇನ್ನು ನಾಲ್ಕು ತಿಂಗಳು ಕಳೆಯಬೇಕೆಂದು ಲೆಕ್ಕ ಹಾಕುವನಷ್ಟೆ. ಶರಾವತಿಯ ದಂಡೆಯ ಮೇಲೆ ಕುಳಿತು ಅದೇ ನಾಲ್ಕು ತಿಂಗಳುಗಳನ್ನು ಎಣಿಸುತ್ತಿದ್ದ ಯಕ್ಷಗಾನದ ವಿರಹಿಗಳು ನಾವು. ಮಳೆ ನಿಂತೊಡನೆ ಬಣ್ಣದ ಕರಪತ್ರಗಳು ಬರುತ್ತಿದ್ದವು. ಜೀಪಿನ ಮೇಲೆ ಧ್ವನಿವರ್ಧಕವನ್ನು ಕಟ್ಟಿಕೊಂಡು ಬಂದವರು ಹೊಸ ಪ್ರಸಂಗದ ಹೆಸರನ್ನೂ ವೇಷಧಾರಿಗಳ ಹೆಸರನ್ನೂ ಸಾರಿ, ಕಥೆಯ ಒಂದು ಎಳೆಯನ್ನಷ್ಟೇ ಬಿಟ್ಟು ಮುಂದಿನೂರಿಗೆ ಓಡುವರು. ಇಂದಿನ ಹುಡುಗರು ‘ಟ್ರೇಲರ್’ ಎಂದು ಕರೆಯುವ ಎರಡು ನಿಮಿಷದ ಚಿತ್ರಖಂಡವು ಆ ಜೀಪಿನ ಮೊಮ್ಮಗನಲ್ಲದೆ ಬೇರೆಯಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟವೆಂದರೆ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನೆಂದರೆ, ನಡೆದು ಹೋಗುವ ದಾರಿಯು ಎಷ್ಟು ಮೈಲಿಯೆಂದು ನಾವು ಕೇಳಿದವರಲ್ಲ.

ಭಸ್ಮಾಸುರನ ಗತಿ ಏನಾಗುವುದೆಂದು ನಮಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಮೋಹಿನಿಯನ್ನು ಅನುಕರಿಸುತ್ತ ಅವನು ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಳ್ಳುವನೆಂದು ಐದು ವರ್ಷದ ಮಗುವೂ ಬಲ್ಲುದು. ಅಭಿಮನ್ಯುವು ಚಕ್ರವ್ಯೂಹದಿಂದ ಹೊರಗೆ ಬಾರನೆಂದು ತಿಳಿದೇ ನಾವು ಅವನ ಕಾಳಗವನ್ನು ನೋಡಲು ಹೋಗುತ್ತಿದ್ದೆವು. ತಿಳಿದಿರುವುದನ್ನು ಕಾಯುವುದು ಹೇಗೆ? ಇದನ್ನು ನಮ್ಮ ಆಲಂಕಾರಿಕರು ಬಹು ಹಿಂದೆಯೇ ವಿಚಾರಿಸಿದ್ದಾರೆ. ಸಹೃದಯನು ಕಾಯುವುದು ವಾರ್ತೆಗಾಗಿ ಅಲ್ಲ, ರಸಕ್ಕಾಗಿ. ವಾರ್ತೆಯು ಒಮ್ಮೆ ತಿಳಿದರೆ ಹಳೆಯದಾಗುವುದು. ರಸವು ಪ್ರತಿಸಲವೂ ಹೊಸದಾಗಿ ಹುಟ್ಟಬೇಕು. ಈ ಸಲ ಇವನು ಆ ಕೈಯನ್ನು ಹೇಗೆ ಎತ್ತುವನು? ಇದೇ ನಮ್ಮ ಉತ್ಕಂಠೆ.

ನಮ್ಮ ಹುಡುಗನ ಆಟದ ವಿಷಯವನ್ನು ಕೇಳಿ ತಿಳಿದಾಗ ಇದೇ ತತ್ತ್ವವು ಅಲ್ಲಿಯೂ ಕಂಡಿತು. ಏಳನೆಯ ಫೈನಲ್ ಫ್ಯಾಂಟಸಿಯು ಜಪಾನಿನಲ್ಲಿ ಮೊದಲು ಬಂದದ್ದು 1997ರ ಜನವರಿಯಲ್ಲಿ. ಕ್ಲೌಡ್ ಎಂಬ ಯೋಧನು ಅದರ ನಾಯಕ. ಏರಿತ್ ಎಂಬ ಹೂ ಮಾರುವ ಹುಡುಗಿಯು ಅವನ ಸಂಗಾತಿ. ಆಡುವವನು ಅವಳನ್ನು ಹಲವಾರು ಗಂಟೆಗಳ ಕಾಲ ಜತೆಯಲ್ಲಿ ಕರೆದುಕೊಂಡು ತಿರುಗಿ, ಅವಳಿಗೆ ಆಯುಧಗಳನ್ನು ಕೊಡಿಸಿ, ಅವಳ ಶಕ್ತಿಯನ್ನು ಬೆಳೆಸುತ್ತಾನೆ. ಕಥೆಯ ನಡುವೆ, ಅವಳು ಕುಳಿತು ಪ್ರಾರ್ಥಿಸುತ್ತಿರುವಾಗ, ಸೆಫಿರೋತ್ ಎಂಬ ಪ್ರತಿನಾಯಕನು ಅವಳನ್ನು ಇರಿದು ಕೊಲ್ಲುತ್ತಾನೆ. ಆಡುವವನ ಕೈಯಲ್ಲಿ ಗುಂಡಿಗಳಿವೆ. ಆದರೂ ಅವನು ಏನನ್ನೂ ಮಾಡಲಾರನು. ಲೋಕದ ಲಕ್ಷಾಂತರ ಯುವಕರು ಅಂದು ಅತ್ತರೆಂದು ಹೇಳುವರು. ಅದೇ ಕಥೆಯನ್ನು ಹೊಸ ಚಿತ್ರವೈಭವದಿಂದ ಮತ್ತೆ ಹೇಳಲು ಹೊರಟು, ತಯಾರಕರು 2020ರ ಏಪ್ರಿಲ್‌ನಲ್ಲಿ ಮೊದಲ ಭಾಗವನ್ನು ಕೊಟ್ಟರು. ಇದು ಮೂರು ಭಾಗಗಳ ಕಥೆಯೆಂದು 2022ರ ಜೂನ್‌ನಲ್ಲಿ ಸಾರಿದರು. ಹುಡುಗನು ಕಾಯುತ್ತಿದ್ದದ್ದು ಆ ಎರಡನೆಯ ಭಾಗವನ್ನು. ಏರಿತಳ ಮರಣವು ಅದರಲ್ಲಿ ಬರಲೇಬೇಕು. ಇಪ್ಪತ್ತೇಳು ವರ್ಷಗಳಿಂದ ಎಲ್ಲರಿಗೂ ಗೊತ್ತಿದ್ದ ಆ ಮರಣವನ್ನು ಈ ಸಲ ಹೇಗೆ ತೋರಿಸುವರು? ಒಂದು ವೇಳೆ ಅವಳು ಉಳಿಯುವಳೋ? ಇದು ಅವನ ನಿದ್ದೆಯನ್ನು ಕೆಡಿಸಿತ್ತು. ಅವನು ಹುಟ್ಟುವುದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಮುಂಚೆಯೇ ಸತ್ತ ಹುಡುಗಿಗಾಗಿ ಅವನು ಹೀಗೆ ತಲ್ಲಣಿಸುವುದನ್ನು ಕಂಡು ನಮ್ಮ ಅತ್ತಿಗೆಯವರು, ‘ಪಾಪ, ಉತ್ತರೆಯನ್ನು ನೆನೆದು ನಾವು ಅಳುವುದಿಲ್ಲವೆ?’ ಎಂದರು. ಅವರಷ್ಟು ಸರಿಯಾಗಿ ನಾವೂ ಹೇಳಲಾರೆವು.

ಮನೆಯ ವ್ಯಾಜ್ಯವು ನಮ್ಮ ಮುಂದೆ ಬಂದಿತು. ನಾವು ತಂದೆಗೆ ಹೇಳಿದ ಮಾತು ಇಷ್ಟೇ: ‘ಪೆಟ್ಟಿಗೆಯನ್ನು ಮಾರಿದರೆ ಹುಡುಗನ ಕೈ ಬರಿದಾಗುವುದು, ಮನಸ್ಸು ಬರಿದಾಗದು. ಆಟವು ಮನೆಗೆ ಬರಲಿ, ಬಂದು ಕಾಯಲಿ.’ ಹುಡುಗನು ಎರಡು ವರ್ಷ ಅಡಕೆ ಸುಲಿದ ಕೂಲಿಯನ್ನೂ ಹಬ್ಬದ ಕಾಣಿಕೆಯನ್ನೂ ಕೂಡಿಟ್ಟಿದ್ದನು. ಆಟದ ಬೆಲೆಯು ಸುಮಾರು 5000 ರೂಪಾಯಿ. ಆ ಹಣದಿಂದಲೇ ಅದನ್ನು ತರಿಸಿದೆವು. ಎರಡು ತಟ್ಟೆಗಳುಳ್ಳ ಆ ಡಬ್ಬಿಯನ್ನು ನಮ್ಮ ಪುಸ್ತಕಗಳ ಕಪಾಟಿನಲ್ಲಿ, ಅಮರಕೋಶದ ಪಕ್ಕದಲ್ಲಿ ಇಟ್ಟೆವು. ಕಪಾಟಿಗೆ ಬೀಗ ಹಾಕಲಿಲ್ಲ. ಬೀಗ ಹಾಕಿದ್ದರೆ ಕಾಯುವವರು ನಾವಾಗುತ್ತಿದ್ದೆವು. ಹಾಕದೆ ಇದ್ದುದರಿಂದ ಕಾಯುವವನು ಅವನಾದನು. ಏಪ್ರಿಲ್ 6ರಂದು ಪರೀಕ್ಷೆ ಮುಗಿಯುವವರೆಗೆ ಮೂವತ್ತೆಂಟು ದಿನ ಅದು ಅಲ್ಲಿಯೇ ಇತ್ತು.

ಆ ದಿನಗಳಲ್ಲಿ ಪ್ರತಿ ಸಂಜೆ ಓದಿನ ನಡುವೆ ಹುಡುಗನು ಬಂದು, ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಅದರ ಮುಖಚಿತ್ರವನ್ನು ನೋಡಿ, ತಿರುಗಿ ಇಡುತ್ತಿದ್ದನು. ಅವನಿಗೆ ಇದ್ದ ಭಯವೆಂದರೆ ಮಿತ್ರರ ಬಾಯಿ. ಏರಿತಳ ಗತಿಯು ಈ ಸಲ ಏನಾಯಿತೆಂದು ಯಾರಾದರೂ ಹೇಳಿಬಿಟ್ಟರೆ? ಆದುದರಿಂದ ಕುಮಟೆಯಿಂದ ಬರುವ ಸಹಪಾಠಿಯೊಬ್ಬನನ್ನು ಕಂಡರೆ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಓಡುವನು. ಹೀಗೆ ಬಂದು ನಿಂತಾಗಲೆಲ್ಲ ಒಂದಿಷ್ಟು ಮಾತು ನಡೆಯುತ್ತಿತ್ತು. ಅವನಿಂದ ನಾವು ಕಲಿತದ್ದೂ ಆಗಲೇ. ಈ ಆಟಗಳ ಹುಚ್ಚಿನಿಂದ ಅವನು ಜಪಾನಿನ ಕಾನಾ ಅಕ್ಷರಗಳನ್ನು ತಾನಾಗಿಯೇ ಕಲಿತುಕೊಂಡಿದ್ದನು. ಒಂದು ದಿನ ಅವುಗಳ ಸಾಲನ್ನು ನಮ್ಮ ಮುಂದೆ ಹೇಳಿದನು: ಅ, ಇ, ಉ, ಎ, ಒ, ಆ ಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಕೇಳಿದೊಡನೆ ನಮಗೆ ರೋಮಾಂಚವಾಯಿತು. ಇದು ನಮ್ಮ ವರ್ಣಮಾಲೆಯ ಕ್ರಮವಲ್ಲವೆ! ಕಂಠ್ಯದಿಂದ ಹೊರಟು ದಂತ್ಯವನ್ನು ದಾಟಿ ತುಟಿಗೆ ಬಂದು, ಕೊನೆಗೆ ಯರಲವಗಳಲ್ಲಿ ನಿಲ್ಲುವ ಕ್ರಮ. ಚವರ್ಗದ ಎಡೆಯಲ್ಲಿ ಸಕಾರವಿದೆ. ಪವರ್ಗದ ಎಡೆಯಲ್ಲಿ ಹಕಾರವಿರುವುದೇಕೆಂದರೆ, ಆ ಭಾಷೆಯ ಹಕಾರವು ಪ್ರಾಚೀನ ಕಾಲದಲ್ಲಿ ಪಕಾರವಾಗಿತ್ತು. ಜಪಾನಿನ ಬೌದ್ಧ ಭಿಕ್ಷುಗಳು ಸಿದ್ಧಂ ಎಂಬ ಲಿಪಿಯಲ್ಲಿ ಸಂಸ್ಕೃತ ಮಂತ್ರಗಳನ್ನು ಅಭ್ಯಾಸ ಮಾಡಿದ ಫಲವಿದು. ದಕ್ಷಿಣ ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷುವು 736ರಲ್ಲಿ ಜಪಾನನ್ನು ಮುಟ್ಟಿ, 752ರಲ್ಲಿ ನಾರಾ ನಗರದ ಮಹಾಬುದ್ಧ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿದನೆಂಬುದನ್ನು ನಾವು ಹುಡುಗನಿಗೆ ಹೇಳಿದೆವು. ಅವನು ಕಣ್ಣು ಬಿಟ್ಟುಕೊಂಡು ಕೇಳಿದನು. ಶಾಲೆಯಲ್ಲಿ ಅಷ್ಟು ಕಿವಿಗೊಟ್ಟು ಕೇಳಿದ ಶಿಷ್ಯರು ನಮಗೆ ಹೆಚ್ಚಾಗಿ ದೊರೆತಿರಲಿಲ್ಲ.

ನಮ್ಮ ದೇವತೆಗಳೂ ಅಲ್ಲಿ ವೇಷ ಬದಲಿಸಿಕೊಂಡಿದ್ದಾರೆ. ಸರಸ್ವತಿಯು ಬೆಂಜಾಯಿತೆನ್, ಇಂದ್ರನು ತಾಯಿಶಾಕುತೆನ್, ಯಮನು ಎಂಮಾ. ಈ ಹೆಸರುಗಳೆಲ್ಲ ಆಟಗಳಲ್ಲಿ ಹೇರಳವಾಗಿ ಬರುವವು. 2004ರಲ್ಲಿ ಬಂದ ‘ಡಿಜಿಟಲ್ ಡೆವಿಲ್ ಸಾಗಾ’ ಎಂಬುದರಲ್ಲಿ ಪಾತ್ರಗಳು ಅಗ್ನಿ, ವಾಯು, ಪೃಥಿವಿ ಎಂಬ ರೂಪಗಳನ್ನು ತಾಳುವರು. 2012ರಲ್ಲಿ ಬಂದ ‘ಅಸುರಾಸ್ ರಾತ್’ ಎಂಬ ಕಾಳಗದ ಆಟದಲ್ಲಿ ಅಸುರನೇ ನಾಯಕ. ಅವನ ಪತ್ನಿ ದುರ್ಗಾ, ಮಗಳು ಮಿತ್ರಾ. ಯಾಶಾ ಎಂಬವನೊಬ್ಬನು ಬರುವನು, ಅದು ನಮ್ಮ ಯಕ್ಷ ಶಬ್ದವೇ. ಇದಕ್ಕಿಂತ ವಿಚಿತ್ರವೆಂದರೆ, 1990ರ ಮೂರನೆಯ ಫೈನಲ್ ಫ್ಯಾಂಟಸಿಯಿಂದ ಮೊದಲ್ಗೊಂಡು ಆ ಮಾಲೆಯಲ್ಲಿ ‘ಶಿವಾ’ ಎಂಬುವಳು ಹಿಮದ ದೇವತೆ, ಸ್ತ್ರೀ! ಹುಡುಗನು ಇದನ್ನು ಹೇಳುವಾಗ ನಾವು ಸಿಟ್ಟಾಗುವೆವೆಂದು ಅಳುಕಿದನು. ನಾವು ಸಿಟ್ಟಾಗಲಿಲ್ಲ. ಹಿಮವಂತನ ಅಳಿಯನಿಗೆ ಹಿಮದ ಸಂಬಂಧವು ತಪ್ಪಲಿಲ್ಲ. ಅರ್ಧನಾರೀಶ್ವರನಲ್ಲಿ ಅರ್ಧವು ಸ್ತ್ರೀಯೇ ಆಗಿರುವುದು. ಮೇಲಾಗಿ, ಗಂಡಸರೇ ಮೋಹಿನಿಯಾಗಿ ಕುಣಿಯುವ ಆಟವನ್ನು ಕಣ್ತುಂಬ ನೋಡಿದ ನಾವು ಇಷ್ಟಕ್ಕೆ ಮುನಿಯುವುದು ಶೋಭಿಸುವುದಿಲ್ಲ.

ಪರೀಕ್ಷೆ ಮುಗಿಯಿತು. ಆಟವನ್ನು ತೆರೆದದ್ದು ಮನೆಯ ಜಗಲಿಯಲ್ಲಿ, ಎಲ್ಲರ ಎದುರಿಗೆ. ಅತ್ತಿಗೆಯವರು ಎಲೆಯಡಕೆಯ ತಟ್ಟೆಯನ್ನು ಹಿಡಿದು ಮುಂದೆಯೇ ಕುಳಿತರು. ‘ಆ ಹುಡುಗನ ಕತ್ತಿಯು ಅವನಿಗಿಂತ ದೊಡ್ಡದಲ್ಲವೆ?’ ಎಂಬುದು ಅವರ ಮೊದಲನೆಯ ಪ್ರಶ್ನೆ. ‘ಬಣ್ಣದ ವೇಷದ ಕಿರೀಟವು ವೇಷಧಾರಿಗಿಂತ ದೊಡ್ಡದಲ್ಲವೆ, ಅಜ್ಜಿ?’ ಎಂಬುದು ಹುಡುಗನ ಉತ್ತರ. ಏರಿತಳು ಬಂದೊಡನೆ ಎಲ್ಲರೂ ಅವಳನ್ನು ಗುರುತಿಸುವಂತಾದರು. ಅವನ ತಂದೆಯು ಮೊದಲು ಬಾಗಿಲಿಗೆ ಒರಗಿ ನಿಂತಿದ್ದನು. ಎರಡನೆಯ ದಿನ ಮೆಟ್ಟಿಲ ಮೇಲೆ ಕುಳಿತನು. ಮೂರನೆಯ ದಿನ ‘ಎಡಗಡೆಯಲ್ಲಿ ಇನ್ನೊಬ್ಬ ಇದ್ದಾನೆ, ನೋಡು’ ಎಂದು ಮಗನಿಗೆ ಎಚ್ಚರಿಕೆ ಕೊಟ್ಟನು. ಅವರಿಬ್ಬರ ನಡುವೆ ಆರು ತಿಂಗಳಲ್ಲಿ ನಡೆದ ಮೊದಲನೆಯ ಸರಳವಾದ ಮಾತು ಅದು. ಏರಿತಳ ಗತಿಯು ಏನಾಯಿತೆಂಬುದನ್ನು ನಾವು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವ ಮನೆಗಳಲ್ಲಿಯೂ ಕಿವಿ ಮುಚ್ಚಿಕೊಂಡು ಓಡುವ ಹುಡುಗರಿದ್ದಾರು.

ಕಾಳಗದ ಆಟಗಳ ವಿಷಯದಲ್ಲಿಯೂ ಒಂದು ಮಾತು ಸಲ್ಲುವುದು. ಹಿದೆತಾಕಾ ಮಿಯಾಜಾಕಿ ಎಂಬವರ ಮೇಲ್ವಿಚಾರಣೆಯಲ್ಲಿ 2022ರ ಫೆಬ್ರವರಿಯಲ್ಲಿ ಬಂದ ‘ಎಲ್ಡೆನ್ ರಿಂಗ್’ ಎಂಬುದು ಕಥೆಯೂ ಕಾಳಗವೂ ಕೂಡಿದ ಆಟ. ಅದರ ನಿಯಮವು ಕಠಿಣ. ಸತ್ತರೆ ಅದುವರೆಗೆ ಗಳಿಸಿ ಕೈಯಲ್ಲಿಟ್ಟುಕೊಂಡ ಧನವೆಲ್ಲ ಸತ್ತ ಜಾಗದಲ್ಲಿಯೇ ಬಿದ್ದಿರುವುದು. ಮರಳಿ ಅಲ್ಲಿಗೆ ಹೋಗಿ ಎತ್ತಿಕೊಳ್ಳಬಹುದು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಅದು ಶಾಶ್ವತವಾಗಿ ಹೋಯಿತು. ಸುಲಭದ ದಾರಿಯನ್ನು ಆರಿಸಿಕೊಳ್ಳುವ ಅನುಕೂಲವೇ ಅದರಲ್ಲಿಲ್ಲ. ಒಬ್ಬ ವೈರಿಯ ಕೈಯಲ್ಲಿ ನಮ್ಮ ಹುಡುಗನು ನಲವತ್ತು ಸಲ ಸತ್ತದ್ದನ್ನು ನಾವು ಎಣಿಸಿದ್ದೇವೆ. ಪ್ರತಿಸಲವೂ ಅವನು ಎಲ್ಲಿ ತಪ್ಪಿದನೆಂದು ತಾನೇ ಹೇಳಿಕೊಂಡು ಮತ್ತೆ ಎದ್ದನು. ಇದೇ ಬಾಲಕನು ಗಣಿತದ ಒಂದು ಲೆಕ್ಕವು ಎರಡನೆಯ ಸಲ ತಪ್ಪಿದರೆ ಪುಸ್ತಕವನ್ನು ಮುಚ್ಚುವವನು. ತಪ್ಪುವುದು ಅವಮಾನವಲ್ಲ, ಮಾರ್ಗವೆಂಬುದನ್ನು ಆ ಆಟವು ಅವನಿಗೆ ಕಲಿಸಿತು. ಅದನ್ನು ಲೆಕ್ಕದ ಪುಸ್ತಕಕ್ಕೂ ತಂದುಕೊಳ್ಳುವಂತೆ ಮಾಡುವ ಕೆಲಸ ಮಾತ್ರ ನಮ್ಮಂತಹ ಉಪಾಧ್ಯಾಯರದು.

ಇಷ್ಟು ಹೊಗಳಿದ ಮೇಲೆ, ನಮ್ಮ ಆಟಕ್ಕೂ ಈ ಆಟಕ್ಕೂ ಇರುವ ಒಂದು ದೊಡ್ಡ ಅಂತರವನ್ನು ಹೇಳದಿದ್ದರೆ ಗೃಹಸ್ಥರಿಗೆ ದ್ರೋಹ ಮಾಡಿದಂತಾದೀತು. ಬಯಲಾಟಕ್ಕೆ ಬೆಳಗುಂಟು. ರಾತ್ರಿಯಿಡೀ ಎಷ್ಟೇ ಆರ್ಭಟವಾಗಲಿ, ಪೂರ್ವದಲ್ಲಿ ಕೆಂಪು ಮೂಡುವ ಹೊತ್ತಿಗೆ ಭಾಗವತರು ಮಂಗಳ ಹಾಡುವರು. ರಾವಣನು ಕಿರೀಟವನ್ನು ಕಳಚಿ ಚಹಾ ಕುಡಿಯುವನು. ನೋಡಿದವರು ಕಂಬಳಿಯನ್ನು ಕೊಡವಿಕೊಂಡು, ದಾರಿಯುದ್ದಕ್ಕೂ ಆಟದ ಗುಣದೋಷಗಳನ್ನು ಆಡಿಕೊಳ್ಳುತ್ತ, ಮನೆಗೆ ಬಂದು ದನಗಳಿಗೆ ಹುಲ್ಲು ಹಾಕುವರು. ಆಟವೇ ತನ್ನ ಕೊನೆಯನ್ನು ತಾನು ತರುವುದು. ಪರದೆಯ ಆಟಕ್ಕೆ ಸೂರ್ಯೋದಯವಿಲ್ಲ. ರೀಬರ್ತ್ ಆಟದ ಮುಖ್ಯ ಕಥೆಯೊಂದಕ್ಕೇ ಸುಮಾರು 40 ಗಂಟೆ ಬೇಕು. ಉಪಕಥೆಗಳನ್ನೆಲ್ಲ ನೋಡಹೊರಟರೆ 100 ಗಂಟೆಯನ್ನು ಮೀರುವುದು. ಮಂಗಳ ಹಾಡುವ ಭಾಗವತನು ಅದರೊಳಗೆ ಇಲ್ಲ. ಎರಡನೆಯದಾಗಿ, ಬಯಲಾಟದಲ್ಲಿ ಪಕ್ಕದಲ್ಲಿ ಒಬ್ಬನಿರುತ್ತಾನೆ. ನಾವು ನಕ್ಕಾಗ ಅವನೂ ನಗುವನು. ಈ ಆಟವನ್ನಾದರೋ ಬಾಗಿಲು ಹಾಕಿಕೊಂಡು ಒಬ್ಬನೇ ಆಡಬಹುದು.

ಆದುದರಿಂದ ಬೆಳಗನ್ನೂ ಪಕ್ಕದವನನ್ನೂ ಮನೆಯವರೇ ಒದಗಿಸಿಕೊಡಬೇಕು. ನಮ್ಮ ಮನೆಯಲ್ಲಿ ಮಾಡಿಕೊಂಡ ಕಟ್ಟಳೆ ಇದು: ದಿನಕ್ಕೆ ಎರಡು ಗಂಟೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಂಗಳ, ಆಡುವುದು ಜಗಲಿಯಲ್ಲಿ. ಎರಡು ಗಂಟೆಯ ಲೆಕ್ಕದಲ್ಲಿ ಕಥೆಯು ಇಪ್ಪತ್ತು ದಿನಕ್ಕೂ ಮಿಕ್ಕಿ ನಡೆಯಿತು. ಪ್ರತಿದಿನವೂ ನಿಲ್ಲಿಸಿದ ಜಾಗದಲ್ಲಿ ಹೊಸದಾಗಿ ಕಾಯುವುದು ಹುಟ್ಟಿತು. ಎಷ್ಟೋ ದಿನ ವಿದ್ಯುತ್ತು ಹೋಗಿ ಆಟವು ತಾನಾಗಿಯೇ ನಿಂತದ್ದೂ ಉಂಟು. ನಮ್ಮ ಕಡೆಯ ಮುಂಗಾರಿನ ಮೊದಲ ಗಾಳಿಯು ಯಾವ ಭಾಗವತರಿಗೂ ಕಡಿಮೆಯಲ್ಲ. ಹುಡುಗನು ಗೊಣಗಿದನು, ನಿಜ. ಆದರೆ ದೀಪ ಹಚ್ಚಿದ ಮೇಲೆ ಊಟಕ್ಕೆ ಕುಳಿತು ಆ ದಿನದ ಕಥೆಯನ್ನು ತಾಯಿಗೆ ಹೇಳತೊಡಗಿದನು. ಆಟ ನೋಡಿ ಬಂದ ಮರುದಿನ ನಾವು ಹೇಳುತ್ತಿದ್ದಂತೆಯೇ.

ಕಾಯುವುದರಲ್ಲಿ ನೋವೂ ಉಂಟು ಎಂಬುದನ್ನು ವಯಸ್ಸಾದವರು ಬಲ್ಲರು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ, ಇಡಗುಂಜಿಯ ಜಾತ್ರೆಯ ಆಟದಲ್ಲಿ ರಾಮನ ಪಾತ್ರವನ್ನು ಮಾಡುತ್ತಿರುವಾಗಲೇ ಅಸ್ವಸ್ಥರಾಗಿ ತೀರಿಕೊಂಡರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿಯವರು 2017ರಲ್ಲಿ ಹೋದರು. ಬರುವ ತಿರುಗಾಟದಲ್ಲಿ ಅವರ ವೇಷವನ್ನು ನೋಡೋಣವೆಂದು ಕಾಯುತ್ತಿದ್ದವರ ಕಾಯುವಿಕೆಯು ಹಾಗೆಯೇ ಉಳಿಯಿತು. ಜಪಾನಿನ ಆಟದವರಿಗೂ ಇದು ತಪ್ಪಲಿಲ್ಲ. ಹನ್ನೆರಡನೆಯ ಡ್ರ್ಯಾಗನ್ ಕ್ವೆಸ್ಟಿನ ಹೆಸರನ್ನು 2021ರ ಮೇ 27ರಂದು ಸಾರಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಗಿಯಾಮಾ ಅವರು ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು. 2024ರ ಮಾರ್ಚ್ 1ರಂದು, ನಮ್ಮ ಹುಡುಗನ ಡಬ್ಬಿಯು ಬಿಡುಗಡೆಯಾದ ಮರುದಿನವೇ, ತೋರಿಯಾಮಾ ಅವರು 68ನೆಯ ವಯಸ್ಸಿನಲ್ಲಿ ಹೋದರು. ಮೂವರಲ್ಲಿ ಉಳಿದವರು ಹೋರಿಯವರೊಬ್ಬರು. ಅಗಲಿದ ಇಬ್ಬರ ಕಡೆಯ ಕೃತಿಯಾಗಲಿರುವ ಆ ಆಟವನ್ನು ಅವರಿಬ್ಬರಿಗೂ ತಕ್ಕಂತೆ ಮಾಡಬೇಕಾಗಿದೆ ಎಂಬ ಅರ್ಥದ ಮಾತನ್ನು ಅವರು ಅದೇ ಮೇ ತಿಂಗಳಲ್ಲಿ ಹೇಳಿದರು. 2024 ಮುಗಿದಾಗಲೂ ಆ ಆಟವು ಬಂದಿರಲಿಲ್ಲ. ತೋರಿಯಾಮಾ ಅವರ ಸುದ್ದಿಯು ಪರೀಕ್ಷೆಯ ಓದಿನ ನಡುವೆ ಬಂದ ದಿನ ಹುಡುಗನು ನಮ್ಮ ಹತ್ತಿರ ಬಂದು, ಏನೂ ಹೇಳದೆ, ಸುಮಾರು ಹೊತ್ತು ಕುಳಿತಿದ್ದನು. ನಾವು ಚಿಟ್ಟಾಣಿಯವರು ಹೋದ ದಿನದ ಮಾತನ್ನು ಅವನಿಗೆ ಹೇಳಿದೆವು. ನಡುವಣ ನಲವತ್ತೈದು ವರ್ಷಗಳ ಅಂತರವು ಆ ಸಂಜೆ ಇರಲಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಮಗುವು ಬರಲಿರುವ ಆಟವೊಂದರ ಹೆಸರನ್ನು ಹೇಳಿ ಕುಣಿದಾಗ, ಅದರ ಬೆಲೆಯನ್ನು ಕೇಳುವ ಮೊದಲು ಅದರ ಕಥೆಯನ್ನು ಕೇಳಿರಿ. ಕಥೆಯನ್ನು ಹೇಳಬಲ್ಲ ಮಗುವಿನ ಉತ್ಕಂಠೆಯು ಸಹೃದಯತೆಯ ಮೊದಲ ಮೊಳಕೆ. ಅದನ್ನು ಚಿವುಟಿದರೆ ಆ ಜಾಗದಲ್ಲಿ ಪಾಠದ ಮೇಲಿನ ಪ್ರೀತಿಯು ತಾನಾಗಿ ಬೆಳೆಯುವುದಿಲ್ಲ, ಹುಲ್ಲು ಮಾತ್ರ ಬೆಳೆಯುವುದು. ಆ ಮೇಲೆ ಬೆಲೆಯನ್ನೂ ಕೇಳಿರಿ, ಹೊತ್ತನ್ನೂ ಗೊತ್ತುಮಾಡಿರಿ, ಬೆಳಗು ಆಗುವಂತೆ ನೋಡಿಕೊಳ್ಳಿರಿ. ಯಾರೂ ಯಾವುದನ್ನೂ ಕಾಯದ ಮನೆಯಲ್ಲಿ ದೀಪವಿದ್ದರೂ ಬೆಳಕಿಲ್ಲ. ಆ ಹೂ ಮಾರುವವಳ ಕಥೆಗೆ ಇನ್ನೂ ಮೂರನೆಯ ಭಾಗವೊಂದು ಬರಬೇಕಾಗಿದೆ. ಹುಡುಗನು ಈಗ ಅಡಕೆಯ ಕೂಲಿಯನ್ನು ಮತ್ತೆ ಕೂಡಿಡುತ್ತಿದ್ದಾನೆ. ಅತ್ತಿಗೆಯವರು ‘ಅದು ಯಾವಾಗಲೋ?’ ಎಂದು ನಮ್ಮನ್ನೇ ಕೇಳುತ್ತಿದ್ದಾರೆ.